ಮುಚ್ಚಳವಿಲ್ಲದ ಮಡಕೆ: ಜಪಾನೀಯರ ನುಡಿಯಲ್ಲಿ ಅಷ್ಟಪದಿ

ಗಂಡನನ್ನೋ ಮಗನನ್ನೋ ಕಳೆದುಕೊಂಡು ದುಃಖದಲ್ಲಿ ಮುಳುಗಿರುವ ಹೆಂಗಸೊಬ್ಬಳಿಗೆ ಇದ್ದಕ್ಕಿದ್ದಂತೆ ಎದೆನೋವು ಕಾಣಿಸಿಕೊಳ್ಳುತ್ತದೆ. ಹೃದಯಾಘಾತವೆಂದೇ ಭಾವಿಸಿ ಮನೆಯವರು ಗಾಬರಿಯಿಂದ ಆಸ್ಪತ್ರೆಗೆ ಕರೆತರುತ್ತಾರೆ. ಇ.ಸಿ.ಜಿ. ಕಾಗದದ ಮೇಲೆ ಮೂಡಿದ ಗೆರೆಗಳೂ ಅದನ್ನೇ ಹೇಳುತ್ತವೆ. ಆದರೆ ಹೃದಯಕ್ಕೆ ರಕ್ತ ಒಯ್ಯುವ ನಾಳಗಳನ್ನು ಪರೀಕ್ಷಿಸಿದಾಗ ವೈದ್ಯರಿಗೆ ಅಲ್ಲಿ ಯಾವ ಅಡಚಣೆಯೂ ಸಿಕ್ಕುವುದಿಲ್ಲ. ಹೃದಯದ ಎಡಗಡೆಯ ಕೆಳಕೋಣೆ ಮಾತ್ರ ತಳದಲ್ಲಿ ಉಬ್ಬಿ, ಮೇಲೆ ಕೊರಳಿನ ಬಳಿ ಕಿರಿದಾಗಿ, ವಿಚಿತ್ರ ಆಕಾರ ತಾಳಿರುತ್ತದೆ. ವೈದ್ಯರು ಬೆಂಗಳೂರಿನವರಾಗಲಿ ಬರ್ಲಿನ್ನಿನವರಾಗಲಿ, ಆಗ ವರದಿಯಲ್ಲಿ ಬರೆಯುವ ಮಾತು ಒಂದೇ: ‘ತಕೊತ್ಸುಬೊ’.

ಲ್ಯಾಟಿನ್ ಮತ್ತು ಗ್ರೀಕ್ ಪದಗಳೇ ತುಂಬಿರುವ ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಈ ಮಾತು ಹೇಗೆ ನುಸುಳಿತು? ಅದು ಜಪಾನಿನ ಬೆಸ್ತರ ಮಾತು. ‘ತಕೊ’ ಎಂದರೆ ಆಕ್ಟೋಪಸ್, ‘ತ್ಸುಬೊ’ ಎಂದರೆ ಮಡಕೆ. ಆಕ್ಟೋಪಸ್ ಹಿಡಿಯಲು ಸಮುದ್ರದ ತಳಕ್ಕೆ ಇಳಿಬಿಡುವ ಮಣ್ಣಿನ ಮಡಕೆಗೆ ಈ ಹೆಸರು. ಒಂದು ಮಡಕೆ ಸಮುದ್ರದಿಂದ ಮನುಷ್ಯನ ಎದೆಗೂಡಿನವರೆಗೆ ಬಂದ ದಾರಿಯನ್ನು ಹಿಡಿದು ಹೊರಟರೆ, ಜಪಾನೀಯರ ಬದುಕಿನ ಎಷ್ಟೋ ಮೂಲೆಗಳು ಕಣ್ಣಿಗೆ ಬೀಳುತ್ತವೆ. ಮಡಕೆಗಿಂತ ಮೊದಲು ಅದರೊಳಗಿನವನ ಪರಿಚಯವಾಗಲಿ.

ಬೋಳುತಲೆಯ ಸಂನ್ಯಾಸಿ

ನಮ್ಮಲ್ಲಿ ಕೆಲವರು ಆಕ್ಟೋಪಸ್ಸನ್ನು ‘ಅಷ್ಟಪದಿ’ ಎಂದು ಕನ್ನಡಿಸುತ್ತಾರೆ. ಜಯದೇವ ಕವಿಯ ಹಾಡುಗಳನ್ನು ಕೇಳಿ ಬೆಳೆದವರಿಗೆ ಇದರಿಂದ ಸ್ವಲ್ಪ ಕಸಿವಿಸಿಯಾಗುವುದು ಸಹಜವೇ. ಆದರೂ ಹೆಸರು ಚೆನ್ನಾಗಿದೆ, ನಾನೂ ಅದನ್ನೇ ಬಳಸುತ್ತೇನೆ. ಜಪಾನೀಯರ ‘ತಕೊ’ ನಮ್ಮ ಕಿವಿಗೆ ಇನ್ನೂ ಸುಲಭ. ಏನನ್ನಾದರೂ ಕೈಗೆ ಕೊಡುತ್ತಾ ನಮ್ಮ ಹಳ್ಳಿಯವರು ಹೇಳುವ ‘ತಕೊ’ ಎಂಬ ಮಾತಿನಂತೆಯೇ ಅದು ಕೇಳಿಸುತ್ತದೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತಕೊ ಎಂದು ಬರೆಯಲು ಜಪಾನೀಯರು ಸಾಮಾನ್ಯವಾಗಿ ಬಳಸುವ ಚಿತ್ರಾಕ್ಷರವನ್ನು ಗಮನಿಸಿದರೆ ಸೋಜಿಗವಾಗುತ್ತದೆ. ಜಲಚರಗಳ ಹೆಸರಿನ ಅಕ್ಷರಗಳಲ್ಲಿ ಎಡಗಡೆಗೆ ಮೀನಿನ ಗುರುತಿರುವುದು ವಾಡಿಕೆ. ಈ ಅಕ್ಷರದಲ್ಲಿ ಇರುವುದಾದರೋ ಹುಳುವಿನ ಗುರುತು. ಚೀನೀ ಬರಹದಲ್ಲಿ ಉದ್ದಕಾಲಿನ ಜೇಡನ ಹೆಸರಿಗೆ ಬಳಕೆಯಾಗುತ್ತಿದ್ದ ಅಕ್ಷರವದು. ಸಮುದ್ರದಲ್ಲಿರುವ ಜೇಡ ಎಂಬ ಭಾವನೆಯಿಂದ ಜಪಾನೀಯರು ಅದನ್ನು ಅಷ್ಟಪದಿಗೆ ವಹಿಸಿಕೊಟ್ಟರು.

ಜೇಡನೆಂದರೂ ಅವರಿಗೆ ಅಷ್ಟಪದಿಯನ್ನು ಕಂಡರೆ ಅಸಹ್ಯವಿಲ್ಲ. ಯೂರೋಪಿನ ಕಲ್ಪನೆಯಲ್ಲಿ ಅದು ರಾಕ್ಷಸ. ವಿಕ್ಟರ್ ಹ್ಯೂಗೊ 1866ರಲ್ಲಿ ಪ್ರಕಟಿಸಿದ ‘ಸಮುದ್ರದ ದುಡಿಮೆಗಾರರು’ ಕಾದಂಬರಿಯಲ್ಲಿ ನಾಯಕನು ಗುಹೆಯೊಳಗೆ ಅದರೊಡನೆ ಸೆಣಸಾಡುವ ಪ್ರಸಂಗ ಎಷ್ಟು ಹೆಸರಾಯಿತೆಂದರೆ, ಅವನು ಬಳಸಿದ ಗರ್ನ್‌ಸಿ ದ್ವೀಪದ ಹೆಸರೇ ಫ್ರೆಂಚರ ನಿತ್ಯದ ಮಾತಾಗಿ ನಿಂತಿತು. ಅಮೆರಿಕದ ವ್ಯಂಗ್ಯಚಿತ್ರಕಾರರು ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಎಲ್ಲವನ್ನೂ ಬಾಚಿ ತಬ್ಬುವ ಆಕ್ಟೋಪಸ್ಸಾಗಿ ಬರೆದರು. ಇಂಥ ಹಿಡಿತವನ್ನು ಹೇಳಲು ನಮ್ಮವರು ಕಡಲಿಗೆ ಇಳಿಯುವುದಿಲ್ಲ. ರಾಮಾಯಣದಿಂದ ಕಬಂಧನ ಬಾಹುಗಳನ್ನು ತಂದುಕೊಳ್ಳುತ್ತಾರೆ.

ಜಪಾನಿನಲ್ಲಿ ತಕೊ ನಗೆಯ ಪಾತ್ರ. ಚಿತ್ರಗಳಲ್ಲಿ ಅದು ಹಣೆಗೆ ವಸ್ತ್ರವನ್ನು ಹುರಿಮಾಡಿ ಕಟ್ಟಿಕೊಂಡು, ತುಟಿ ಮುಂದೆ ಚಾಚಿಕೊಂಡು, ಕುಣಿಯಲು ನಿಂತಂತೆ ಇರುತ್ತದೆ. ನುಣ್ಣನೆಯ ತಲೆಯಿರುವುದರಿಂದ ಬೋಳುತಲೆಯವನನ್ನು ‘ತಕೊ ನ್ಯೂದೋ’, ಎಂದರೆ ಅಷ್ಟಪದಿ ಸಂನ್ಯಾಸಿ ಎಂದು ಹಾಸ್ಯಮಾಡುವರು. ಮದ್ಯ ಕುಡಿದೋ ಬಿಸಿನೀರಿನ ತೊಟ್ಟಿಯಲ್ಲಿ ಬಹಳ ಹೊತ್ತು ಕುಳಿತೋ ಕೆಂಪೇರಿದವನು ‘ಯುದೆದಕೊ’, ಬೇಯಿಸಿದ ಅಷ್ಟಪದಿ. ಬೆಂದಾಗ ಅದರ ಮೈ ಕಡುಗೆಂಪಾಗುತ್ತದೆ. ಜಗಳದಲ್ಲಿ ‘ಈ ತಕೊ!’ ಎಂದು ಬೈದರೆ ‘ಎಲಾ ಪೆದ್ದೆ!’ ಎಂದಂತಾಯಿತು. ಇಷ್ಟೆಲ್ಲ ಆದರೂ ಹೊಸವರ್ಷದ ಊಟಕ್ಕೆ ಅದೇ ಬೇಕು. ‘ತ’ ಎಂಬುದನ್ನು ಬಹಳ ಎಂದೂ ‘ಕೊ’ ಎಂಬುದನ್ನು ಸುಖ ಎಂದೂ ಅರ್ಥ ಬರುವ ಅಕ್ಷರಗಳಿಂದ ಬರೆದು, ಮನೆತುಂಬ ಸುಖವಿರಲಿ ಎಂದು ಅದನ್ನು ಬಡಿಸುವರು.

ಸಂನ್ಯಾಸಿಯ ಮಾತು ಬಂದದ್ದರಿಂದ ಒಂದು ಕಥೆ ನೆನಪಾಗುತ್ತದೆ. ಕ್ಯೋಟೊ ನಗರದಲ್ಲಿ ತಕೊಯಾಕುಶಿ ಎಂಬ ಬೀದಿಯಿದೆ. ಆ ಬೀದಿಗೆ ಹೆಸರು ಕೊಟ್ಟದ್ದು ಅದೇ ಹೆಸರಿನ ಗುಡಿ. ಹದಿಮೂರನೆಯ ಶತಮಾನದಲ್ಲಿ ಅಲ್ಲಿ ಜೆಂಕೊ ಎಂಬ ಭಿಕ್ಷುವಿದ್ದನಂತೆ. ಅವನ ತಾಯಿ ಕಾಯಿಲೆ ಬಿದ್ದಳು. ಚಿಕ್ಕಂದಿನಲ್ಲಿ ತಿಂದಿದ್ದ ತಕೊ ತಿಂದರೆ ಬದುಕಿಯೇನು ಎಂದಳು. ಮಾಂಸವನ್ನು ಮುಟ್ಟಬಾರದ ಭಿಕ್ಷು ಏನು ಮಾಡಬೇಕು? ನಿಯಮಕ್ಕಿಂತ ತಾಯಿ ದೊಡ್ಡವಳೆಂದು ಬಗೆದು ಪೆಟ್ಟಿಗೆ ಹಿಡಿದು ಮಾರುಕಟ್ಟೆಗೆ ಹೋದನು. ಹಿಂದಿರುಗುವಾಗ ಸಂಶಯಗೊಂಡ ಜನರು ಗುಡಿಯ ಬಾಗಿಲಲ್ಲಿ ಅವನನ್ನು ತಡೆದು ಪೆಟ್ಟಿಗೆ ತೆರೆಯೆಂದರು. ಅವನು ಮನಸ್ಸಿನಲ್ಲಿ ದೇವರನ್ನು ನೆನೆದು ತೆರೆದನು. ಒಳಗಿದ್ದ ಅಷ್ಟಪದಿಯ ಎಂಟು ಕಾಲುಗಳು ಸದ್ಧರ್ಮಪುಂಡರೀಕ ಸೂತ್ರದ ಎಂಟು ಸುರುಳಿಗಳಾಗಿ ಬೆಳಗಿದವು. ಜನರು ಕೈಮುಗಿದರು, ತಾಯಿ ಗುಣ ಹೊಂದಿದಳು. ಈಗಲೂ ರೋಗ ನೀಗಲೆಂದು ಅಲ್ಲಿಗೆ ಹರಕೆ ಹೊತ್ತು ಬರುವವರುಂಟು. ಅಲ್ಲಿನ ದೇವರಾದ ‘ಯಾಕುಶಿ’ ನಮಗೆ ಅಪರಿಚಿತನಲ್ಲ. ಭಾರತದಿಂದ ಚೀನದ ಹಾದಿಯಾಗಿ ಹೋದ ಭೈಷಜ್ಯಗುರುವೇ ಅವನು. ನಮ್ಮ ನಾಡಿನ ವೈದ್ಯಬುದ್ಧನು ಕಡಲಾಚೆ ಹೋಗಿ ಅಷ್ಟಪದಿಯನ್ನು ತನ್ನ ಹೆಸರಿಗೆ ಸೇರಿಸಿಕೊಂಡನು!

ಗಾಳಿಪಟ, ಜಡ್ಡು, ವಿದ್ಯುತ್ ತಂತಿ

ತಕೊ ಎಂದರೆ ಗಾಳಿಪಟವೂ ಹೌದು. ಬಾಲಗಳನ್ನು ಇಳಿಬಿಟ್ಟುಕೊಂಡು ಆಕಾಶದಲ್ಲಿ ತೇಲುವ ಪಟವು ಕಾಲುಗಳನ್ನು ಎಳೆದುಕೊಂಡು ಈಜುವ ಅಷ್ಟಪದಿಯಂತೆ ಕಂಡಿರಬೇಕು. ಆದರೆ ಒಸಾಕ ಕಡೆಯವರು ಹಿಂದೆ ಅದನ್ನು ‘ಇಕ’ ಎನ್ನುತ್ತಿದ್ದರು. ಅದು ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ, ಅಷ್ಟಪದಿಯ ದಾಯಾದಿಯ ಹೆಸರು. ಇದರ ಬಗ್ಗೆ ಒಂದು ದಂತಕಥೆಯಿದೆ. ಈಗ ಟೋಕಿಯೊ ಎಂದಾಗಿರುವ ಎದೊ ನಗರದಲ್ಲಿ ಹದಿನೇಳನೆಯ ಶತಮಾನದ ನಡುವಿನಲ್ಲಿ ಪಟದ ಹುಚ್ಚು ಮಿತಿಮೀರಿ, ಸರ್ಕಾರವು ‘ಇಕ’ ಹಾರಿಸಕೂಡದೆಂದು ಆಜ್ಞೆ ಹೊರಡಿಸಿತು. ಜನರು ಜಾಣರು. ‘ನಾವು ಹಾರಿಸುತ್ತಿರುವುದು ಇಕ ಅಲ್ಲ ಸ್ವಾಮಿ, ತಕೊ’ ಎಂದು ಹೇಳಿ ಹಾರಿಸುತ್ತಲೇ ಹೋದರಂತೆ. ಕಥೆ ನಿಜವಿರಲಿ ಬಿಡಲಿ, ಕಾನೂನಿನ ಅಕ್ಷರಕ್ಕೆ ಅಕ್ಷರದಲ್ಲೇ ಉತ್ತರ ಕೊಡುವ ಕಲೆ ನಮಗೂ ಹೊಸದಲ್ಲ. ಈ ತಕೊವನ್ನು ಬರೆಯುವ ಅಕ್ಷರ ಚೀನದ್ದಲ್ಲ, ಜಪಾನೀಯರೇ ಕಟ್ಟಿಕೊಂಡದ್ದು. ಗಾಳಿಯನ್ನು ಸೂಚಿಸುವ ಗುರುತಿನೊಳಗೆ ಬಟ್ಟೆಯ ಗುರುತು. ಗಾಳಿ, ಪಟ! ಎಲ್ಲಿಯ ಕನ್ನಡ, ಎಲ್ಲಿಯ ಜಪಾನು. ಹೊಳೆದ ಯೋಚನೆ ಮಾತ್ರ ಒಂದೇ.

ಮೂರನೆಯ ತಕೊ ಎಂದರೆ ಚರ್ಮದ ಜಡ್ಡು. ಲೇಖನಿ ಹಿಡಿದು ಹಿಡಿದು ಬೆರಳಿನ ಮೇಲೆ ಏಳುವ ಗಂಟು ‘ಪೆನ್‌ದಕೊ’. ಇದರಿಂದ ಹುಟ್ಟಿದ ನುಡಿಗಟ್ಟು ಜಪಾನಿನ ಮನೆಮನೆಯಲ್ಲೂ ಕೇಳಿಬರುತ್ತದೆ. ತಾಯಿ ‘ಓದಿಕೋ, ಓದಿಕೋ’ ಎಂದು ನೂರೊಂದನೆಯ ಸಲ ಹೇಳಿದಾಗ ಮಗ ಗೊಣಗುವುದು, ‘ಮಿಮಿ ನಿ ತಕೊ ಗ ದೆಕಿರು’, ಕಿವಿಯಲ್ಲಿ ತಕೊ ಬೆಳೆಯುತ್ತಿದೆ ಎಂದು. ಹೊಸದಾಗಿ ಭಾಷೆ ಕಲಿಯುವವರು ಕಿವಿಯೊಳಗೆ ಅಷ್ಟಪದಿ ಸೇರಿಕೊಂಡ ಚಿತ್ರವನ್ನು ಕಲ್ಪಿಸಿಕೊಂಡು ಬೆರಗಾಗುತ್ತಾರೆ. ಪಾಪ, ಅವನು ಹೇಳುತ್ತಿರುವುದು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತು ಎಂದಷ್ಟೆ.

ಕಾಲುಗಳಿಂದ ಬಂದ ಮಾತುಗಳು ಬೇರೆ. ಪ್ರಾಣಿಶಾಸ್ತ್ರಜ್ಞರು ಅವನ್ನು ತೋಳುಗಳೆಂದರೂ ಜಪಾನೀಯರಿಗೆ ಅವು ‘ಆಶಿ’, ಕಾಲುಗಳೇ. ಗೋಡೆಯ ಒಂದೇ ಸಾಕೆಟ್ಟಿಗೆ ದೀಪ, ಫ್ಯಾನು, ಇಸ್ತ್ರಿಪೆಟ್ಟಿಗೆ, ಟೆಲಿವಿಷನ್ ಎಲ್ಲದರ ತಂತಿಗಳನ್ನೂ ಸಿಕ್ಕಿಸುವುದಕ್ಕೆ ‘ತಕೊಆಶಿ’ ಜೋಡಣೆ ಎಂದು ಹೆಸರು. ಅದರಿಂದ ಬೆಂಕಿ ಹತ್ತೀತೆಂದು ಎಚ್ಚರಿಸುವಾಗಲೂ ಬಳಸುವ ಮಾತು ಇದೇ. ನಮ್ಮ ಮನೆಗಳಲ್ಲಿಯೂ ಈ ಪ್ರಾಣಿ ವಾಸವಾಗಿದೆ, ಹೆಸರಿಟ್ಟಿಲ್ಲ ಅಷ್ಟೆ. 1949ರಲ್ಲಿ ಹಳೆಯ ಹಲವು ಶಾಲೆ ಕಾಲೇಜುಗಳನ್ನು ಸೇರಿಸಿ ಹೊಸ ರಾಷ್ಟ್ರೀಯ ವಿಶ್ವವಿದ್ಯಾನಿಲಯಗಳನ್ನು ಸ್ಥಾಪಿಸಿದಾಗ, ಒಂದು ವಿಭಾಗ ಈ ಊರಿನಲ್ಲಿ ಮತ್ತೊಂದು ಆ ಊರಿನಲ್ಲಿ ಉಳಿದವುಗಳಿಗೆ ‘ತಕೊಆಶಿ ವಿಶ್ವವಿದ್ಯಾನಿಲಯ’ವೆಂಬ ಅಡ್ಡಹೆಸರು ಬಿತ್ತು.

ಷೇರು ಕೊಂಡಿರುವ ವಾಚಕರಿಗೆ ಇನ್ನೊಂದು ಮಾತು ಉಪಯೋಗಕ್ಕೆ ಬಂದೀತು. ಹಸಿದ ತಕೊ ತನ್ನ ಕಾಲನ್ನೇ ತಾನು ತಿನ್ನುತ್ತದೆ ಎಂಬುದು ಜಪಾನೀಯರ ಹಳೆಯ ನಂಬಿಕೆ. ಸೆರೆಯಲ್ಲಿಟ್ಟ ಅಷ್ಟಪದಿಗಳು ಕೆಲವೊಮ್ಮೆ ಹಾಗೆ ಮಾಡುವುದು ನಿಜ. ಆದರೆ ವಿಜ್ಞಾನಿಗಳು ಇದಕ್ಕೆ ಹಸಿವಿಗಿಂತ ರೋಗವನ್ನೋ ವೇದನೆಯನ್ನೋ ಕಾರಣವಾಗಿ ಹೇಳುತ್ತಾರೆ. ಅದೇನೇ ಇರಲಿ, ಲಾಭವೇ ಇಲ್ಲದ ಕಂಪನಿ ತನ್ನ ಮೂಲಧನವನ್ನು ಕತ್ತರಿಸಿ ಷೇರುದಾರರಿಗೆ ಲಾಭಾಂಶವೆಂದು ಹಂಚಿದರೆ ಅದು ‘ತಕೊ ಹೈತೋ’, ಅಷ್ಟಪದಿಯ ಡಿವಿಡೆಂಡು. ಕಾನೂನು ಅದಕ್ಕೆ ಒಪ್ಪುವುದಿಲ್ಲ. ಸ್ವಂತ ಕಾಲನ್ನು ತಿಂದು ಹೊಟ್ಟೆ ತುಂಬಿತೆಂದು ತೇಗುವುದನ್ನು ಎರಡೇ ಪದಗಳಲ್ಲಿ ಇಷ್ಟು ಚೆನ್ನಾಗಿ ಹೇಳುವ ಮಾತು ನಮ್ಮ ವಾಣಿಜ್ಯಪುಟಗಳಲ್ಲಿ ನನಗೆ ಕಂಡಿಲ್ಲ.

ತಿಂಡಿಯ ಮಾತನ್ನು ಬಿಟ್ಟರೆ ಒಸಾಕದವರು ಕ್ಷಮಿಸರು. ನಮ್ಮ ಪಡ್ಡಿನ ಕಾವಲಿಯಂತೆಯೇ ಗುಳಿಗಳುಳ್ಳ ಕಬ್ಬಿಣದ ಕಾವಲಿಯಲ್ಲಿ ಹಿಟ್ಟು ಹುಯ್ದು, ನಡುವೆ ತಕೊವಿನ ತುಂಡನ್ನಿಟ್ಟು, ಕಡ್ಡಿಯಿಂದ ತಿರುವಿ ತಿರುವಿ ಉಂಡೆ ಮಾಡುವ ‘ತಕೊಯಾಕಿ’ ಅಲ್ಲಿನ ಬೀದಿತಿಂಡಿ. 1935ರಲ್ಲಿ ಎಂದೊ ತೊಮೆಕಿಚಿ ಎಂಬ ಅಂಗಡಿಯವನು ಇದನ್ನು ಆರಂಭಿಸಿದನು. ಮೊದಲು ಅವನು ಹಾಕುತ್ತಿದ್ದುದು ದನದ ಮಾಂಸ. ‘ನಮ್ಮ ಅಕಾಶಿಯಲ್ಲಿ ತಕೊ ಹಾಕುತ್ತೇವೆ’ ಎಂದು ಗಿರಾಕಿಯೊಬ್ಬನು ಹೇಳಿದ್ದೇ ಕಾರಣವಾಯಿತೆಂದು ಪ್ರತೀತಿ.

ಮಡಕೆಯ ಮಾತು

ಆ ಅಕಾಶಿ, ಕೋಬೆ ನಗರದ ಪಡುವಣಕ್ಕಿರುವ ಕಡಲೂರು. ರಭಸದ ಪ್ರವಾಹವುಳ್ಳ ಅಲ್ಲಿನ ಜಲಸಂಧಿಯಲ್ಲಿ ಬೆಳೆದ ತಕೊ ನೆಲದ ಮೇಲೆ ಎದ್ದುನಿಂತು ನಡೆಯುತ್ತದೆಂದು ಊರಿನವರು ಹೆಮ್ಮೆ ಕೊಚ್ಚಿಕೊಳ್ಳುತ್ತಾರೆ. ಬಾಷೊ ಮಹಾಕವಿ 1688ರಲ್ಲಿ ಅಲ್ಲಿಗೆ ಹೋದಾಗ ಹಾಯ್ಕು ಬರೆದದ್ದು ತಕೊವಿನ ಮಡಕೆಯನ್ನು ಕುರಿತು.

ಬೆಸ್ತರು ಈ ಮಡಕೆಗಳನ್ನು ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟಿ ಸಮುದ್ರದ ತಳದಲ್ಲಿ ಮಲಗಿಸುತ್ತಾರೆ. ಒಳಗೆ ಎರೆ ಇಡುವುದಿಲ್ಲ. ಬಾಯಿಗೆ ಮುಚ್ಚಳವಿಲ್ಲ. ಬಲೆಯಿಲ್ಲ, ಗಾಳವಿಲ್ಲ. ಕಿರಿದಾದ ಕತ್ತಲೆಯ ಬಿಲವೆಂದರೆ ತಕೊವಿಗೆ ಪ್ರೀತಿ. ಮೂಳೆಯಿಲ್ಲದ ಮೈಯನ್ನು ಮಡಿಸಿಕೊಂಡು ತಾನಾಗಿ ಬಂದು ಒಳಗೆ ಸೇರುತ್ತದೆ. ಮುಂದೆ ಬೆಸ್ತನು ಹಗ್ಗ ಸೆಳೆದಾಗ ಹೊರಗೆ ಹಾರಿ ತಪ್ಪಿಸಿಕೊಳ್ಳಬಹುದಲ್ಲವೆ? ಬಾಯಿ ತೆರೆದೇ ಇದೆ. ಆದರೆ ಅಪಾಯವೆನಿಸಿದಷ್ಟೂ ಅದು ಹೀರುಬಟ್ಟಲುಗಳಿಂದ ಮಡಕೆಯ ಗೋಡೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿ ಹಿಡಿಯುತ್ತದೆ, ಹಾಗೆಯೇ ದೋಣಿಗೆ ಬಂದುಬಿಡುತ್ತದೆ. ಒಸಾಕ ಕೊಲ್ಲಿಯ ಸುತ್ತ ನೆಲ ಅಗೆದಾಗ ಸುಮಾರು ಎರಡು ಸಾವಿರ ವರ್ಷ ಹಿಂದಿನ ಇಂಥ ಪುಟ್ಟ ಮಡಕೆಗಳು ದೊರೆತಿವೆ. ಈಚೆಗೆ ಮಣ್ಣಿನ ಜಾಗಕ್ಕೆ ಪ್ಲಾಸ್ಟಿಕ್ ಬಂದಿದ್ದರೂ ಉಪಾಯ ಬದಲಾಗಿಲ್ಲ.

ಹೊರಡಲು ದಾರಿಯಿದ್ದೂ ಹೊರಡಲಾಗದ ಈ ಸ್ಥಿತಿ ಜಪಾನೀಯರ ಮನಸ್ಸಿನಲ್ಲಿ ಆಳವಾಗಿ ನಾಟಿಕೊಂಡಿತೆಂದು ತೋರುತ್ತದೆ. ಅಷ್ಟಪದಿಯ ಎಂಟು ತೋಳುಗಳಿಗೆ ಅವರು ಹೆದರಲಿಲ್ಲ. ಅವರ ನುಡಿಯಲ್ಲಿ ಅಂಜಿಕೆ ಮೂಡುವುದು ಮಡಕೆಯ ಮಾತು ಬಂದಾಗ.

ಎರಡನೆಯ ಮಹಾಯುದ್ಧದಲ್ಲಿ ಒಬ್ಬ ಸೈನಿಕ ಮಾತ್ರ ಅಡಗಿ ಕೂರಬಹುದಾದ ಗುಂಡಿಯನ್ನು ಜಪಾನೀ ಸೈನ್ಯದವರು ‘ತಕೊತ್ಸುಬೊ’ ಎಂದು ಕರೆದರು. ಮೇಲೆ ಆಕಾಶ ತೆರೆದಿದೆ, ಎದ್ದರೆ ಗುಂಡು, ಕೂತರೆ ಅದೇ ಸಮಾಧಿ. ಆ ಹೆಸರಿಟ್ಟ ಸೈನಿಕನು ಕಡಲತಡಿಯ ಹಳ್ಳಿಯವನಿದ್ದಿರಬೇಕು ಎಂದು ನಾನು ಊಹಿಸುತ್ತೇನೆ.

ಇದಕ್ಕಿಂತ ಕಠೋರವಾದ ಮಾತು ‘ತಕೊಬೆಯಾ’, ತಕೊವಿನ ಕೋಣೆ. ಉತ್ತರದ ಹೊಕ್ಕೈದೊ ದ್ವೀಪದಲ್ಲಿ ಕಾಡು ಕಡಿದು ರಸ್ತೆ, ರೈಲು, ಗಣಿಗಳನ್ನು ಮಾಡುವಾಗ ಮೊದಲು ಸರ್ಕಾರ ಕೈದಿಗಳನ್ನು ದುಡಿಸಿಕೊಂಡಿತು. ಆ ಪದ್ಧತಿ ನಿಂತಮೇಲೆ ಕಂತ್ರಾಟುದಾರರ ದಲ್ಲಾಳಿಗಳು ಊರೂರು ತಿರುಗಿ, ಒಳ್ಳೆಯ ಕೂಲಿಯ ಆಸೆ ತೋರಿಸಿ, ಮುಂಗಡ ಕೊಟ್ಟು ಬಡವರನ್ನು ಕರೆತರತೊಡಗಿದರು. ಬಂದಮೇಲೆ ಸಾಲ ತೀರುವುದಿಲ್ಲ, ಕಾವಲು ತಪ್ಪುವುದಿಲ್ಲ. ರಾತ್ರಿ ಹೊರಗಿನಿಂದ ಬೀಗ. ಓಡಿಹೋಗಿ ಸಿಕ್ಕಿಬಿದ್ದವನಿಗೆ ಎಲ್ಲರೆದುರು ಹೊಡೆತ. ಆ ವಸತಿಯೇ ತಕೊಬೆಯಾ, ಅಲ್ಲಿನ ಕೂಲಿಗಾರನು ತಕೊ. ಒಳಹೊಕ್ಕವನು ಹೊರಬಾರದ ಮಡಕೆಯಿಂದ ಹೆಸರು ಬಂತೆಂದು ಕೆಲವರೂ, ತನ್ನ ಮೈಯನ್ನೇ ತಿಂದು ಬದುಕುವ ತಕೊವಿನಿಂದ ಬಂತೆಂದು ಕೆಲವರೂ ಹೇಳುವರು. ದೂರದ ಊರಿನಿಂದ ತಂದ ಆಳು ಎಂಬ ಅರ್ಥದ ಬೇರೊಂದು ಪದದಿಂದ ಬಂತೆನ್ನುವವರೂ ಇದ್ದಾರೆ. ನಮ್ಮ ‘ಜೀತ’ದ ಕಥೆ ಕೇಳಿದವರಿಗೆ ಮೂರೂ ಒಪ್ಪಿಗೆಯಾದಾವು.

ಹೊಕ್ಕೈದೊದ ಜೋಮೊನ್ ರೈಲುಸುರಂಗವನ್ನು 1912ರಿಂದ 1914ರವರೆಗೆ ಇಂಥ ಕೂಲಿಗಾರರಿಂದಲೇ ಕೊರೆಯಿಸಿದರು. ಅರ್ಧ ಕಿಲೋಮೀಟರಿನಷ್ಟು ಉದ್ದದ ಆ ಸುರಂಗಕ್ಕೆ ನೂರಕ್ಕೂ ಹೆಚ್ಚು ಮಂದಿ ಬಲಿಯಾದರೆಂದೂ, ಕೆಲವರನ್ನು ಗೋಡೆಯೊಳಗೇ ಹೂಳಿದರೆಂದೂ ಸುತ್ತಲ ಜನ ಆಡಿಕೊಳ್ಳುತ್ತಿದ್ದರು. ದೆವ್ವದ ಕಥೆಗಳೂ ಹುಟ್ಟಿದವು. 1968ರ ಭೂಕಂಪದಲ್ಲಿ ಸುರಂಗದ ಗೋಡೆಗೆ ಪೆಟ್ಟು ಬಿತ್ತು. 1970ರಲ್ಲಿ ಅದನ್ನು ದುರಸ್ತಿ ಮಾಡಲು ಇಟ್ಟಿಗೆ ತೆಗೆದಾಗ ಹಿಂದೆ ಮನುಷ್ಯನ ಎಲುಬುಗಳು ಕಂಡವು. ಅಲ್ಲಿ ದುಡಿದು ಸತ್ತವರ ನೆನಪಿಗೆ ಈಗ ಸ್ಮಾರಕವಿದೆ. ಯುದ್ಧ ಮುಗಿದ ಮೇಲೆ ಆ ಪದ್ಧತಿ ಹೋಯಿತು, ಮಾತು ಹೋಗಲಿಲ್ಲ. ಉಸಿರಾಡಲು ಬಿಡದೆ ದುಡಿಸುವ ಕಛೇರಿಯನ್ನು ಇಂದಿನ ಜಪಾನೀ ಗುಮಾಸ್ತನು ತಕೊಬೆಯಾ ಎಂದು ಗೊಣಗಿಕೊಳ್ಳುವುದುಂಟು.

ವಿದ್ವಾಂಸರೂ ಮಡಕೆಯಿಂದ ತಪ್ಪಿಸಿಕೊಳ್ಳಲಿಲ್ಲ. ರಾಜಕೀಯ ಚಿಂತಕ ಮರುಯಾಮ ಮಸಾವೊ 1961ರಲ್ಲಿ ಪ್ರಕಟಿಸಿದ ‘ಜಪಾನಿನ ಚಿಂತನೆ’ ಎಂಬ ಪುಸ್ತಕದಲ್ಲಿ ಸಂಸ್ಕೃತಿಗಳನ್ನು ಎರಡು ಬಗೆಯಾಗಿ ವಿಂಗಡಿಸಿದನು. ತುದಿಯಲ್ಲಿ ಸಣ್ಣಗೆ ಸೀಳಿದ ಬಿದಿರುಕೋಲಿನಂತೆ ಬುಡ ಒಂದಾಗಿದ್ದು ಕವಲೊಡೆದದ್ದು ಒಂದು ಬಗೆ. ಒಂದಕ್ಕೊಂದು ಬುಡವೇ ಸೇರದೆ ಹಗ್ಗದಲ್ಲಿ ಬರಿದೆ ಸಾಲಾಗಿ ತೂಗುವ ತಕೊತ್ಸುಬೊಗಳಂಥದು ಇನ್ನೊಂದು. ಯೂರೋಪಿನ ವಿದ್ಯೆಗಳು ಬೇರೆಬೇರೆ ಶಾಖೆಗಳಾಗಿ ಒಡೆದಮೇಲೆ ಅವನ್ನು ತಂದುಕೊಂಡ ಜಪಾನಿನಲ್ಲಿ, ಪ್ರತಿಯೊಬ್ಬ ಪಂಡಿತನೂ ತನ್ನ ಮಡಕೆಯೊಳಗೆ ಕುಳಿತಿದ್ದಾನೆಂದು ಅವನ ಆಕ್ಷೇಪಣೆ. ಅದು ಜಪಾನಿಗೆ ಮಾತ್ರ ಸಲ್ಲುವ ಆಕ್ಷೇಪಣೆಯೇ ಎಂಬುದನ್ನು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಓದಿದ ವಾಚಕರು ಯೋಚಿಸಬಹುದು.

ಈಗ ಮತ್ತೆ ಆಸ್ಪತ್ರೆಗೆ. 1990ರಲ್ಲಿ ಹಿರೋಶಿಮದ ವೈದ್ಯ ಸಾತೊ ಹಿಕರು ಮತ್ತು ಅವನ ಸಂಗಡಿಗರು ಈ ವಿಚಿತ್ರ ಹೃದ್ರೋಗವನ್ನು ವರ್ಣಿಸಿದಾಗ, ಉಬ್ಬಿದ ತಳ ಮತ್ತು ಕಿರಿದಾದ ಕೊರಳಿನ ಆ ಛಾಯಾಚಿತ್ರವನ್ನು ಕಂಡು ಅವರಿಗೆ ನೆನಪಾದುದು ತಮ್ಮ ಒಳಗಡಲಿನ ಬೆಸ್ತರ ಮಡಕೆ. ಹೆಸರು ಆಕಾರದಿಂದ ಬಂದದ್ದು. ರೋಗ ಬರುವುದು ಹೆಚ್ಚಾಗಿ ಮುಟ್ಟು ನಿಂತ ವಯಸ್ಸಿನ ಹೆಂಗಸರಿಗೆ. ಸಾವಿನ ಸುದ್ದಿ, ಭಯ, ಜಗಳ, ಕೆಲವೊಮ್ಮೆ ಅತಿಯಾದ ಸಂತೋಷವೂ ಕಾರಣವಾಗುತ್ತದೆ. ಅಂಥ ಆಘಾತದಲ್ಲಿ ಮೈಯಲ್ಲಿ ಉಕ್ಕುವ ಅಡ್ರಿನಲಿನ್ ಮೊದಲಾದ ರಸಗಳು ಹೃದಯದ ಸ್ನಾಯುವನ್ನು ಮಂಕುಗೊಳಿಸುತ್ತವೆಂದು ತಜ್ಞರ ಅಭಿಪ್ರಾಯ. 2004ರಲ್ಲಿ ನೀಗತ ಪ್ರಾಂತ್ಯದಲ್ಲಿ ಭೂಕಂಪವಾದಾಗ ಇಂಥ ರೋಗಿಗಳ ಸಂಖ್ಯೆ ಒಮ್ಮೆಲೆ ಏರಿತು. ‘ಎದೆಯೊಡೆದು ಹೋಯಿತು’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಬರಿಯ ಅಲಂಕಾರವೆಂದು ತಿಳಿದಿದ್ದೆವಲ್ಲ! ಆದರೂ ಇದನ್ನು ಹಗುರವಾಗಿ ಎಣಿಸುವಂತಿಲ್ಲ. ನೋವು ಬಂದಾಗ ಇದು ಯಾವ ಬಗೆಯದೆಂದು ಪರೀಕ್ಷೆಯಿಲ್ಲದೆ ಯಾರಿಗೂ ತಿಳಿಯದು, ಪ್ರಾಣಾಪಾಯವೂ ಉಂಟು. ಸಮಾಧಾನದ ಸಂಗತಿಯೆಂದರೆ ಹೆಚ್ಚಿನವರಲ್ಲಿ ಕೆಲವು ವಾರಗಳೊಳಗೆ ಹೃದಯ ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ.

ಭೂಕಂಪದ ಮಾತಿನಿಂದ ಇನ್ನೊಂದು ಊರು ನೆನಪಿಗೆ ಬರುತ್ತದೆ. ಮಿಯಾಗಿ ಪ್ರಾಂತ್ಯದ ಮಿನಮಿಸನ್ರಿಕು ಪಟ್ಟಣ, ಪಡುವಣದ ಅಕಾಶಿಗೆ ಸರಿಸಾಟಿಯಾಗಿ ಮೂಡಣದಲ್ಲಿ ತಕೊವಿಗೆ ಹೆಸರಾದುದು. ಅಲ್ಲಿನವರಿಗೆ ಒಂದು ಶ್ಲೇಷೆ ಹೊಳೆದಿತ್ತು. ಇಂಗ್ಲಿಷಿನ ‘ಆಕ್ಟೋಪಸ್’ ಜಪಾನೀ ನಾಲಗೆಯಲ್ಲಿ ‘ಒಕುತೊಪಸು’ ಆಗುತ್ತದೆ. ‘ಒಕು ತೊ ಪಾಸು’ ಎಂದು ಬಿಡಿಸಿದರೆ ‘ಇಟ್ಟರೆ ಪಾಸು’! ಮೇಜಿನ ಮೇಲೆ ಇಟ್ಟರೆ ಪರೀಕ್ಷೆಯಲ್ಲಿ ತೇರ್ಗಡೆ ಎಂದು ಹೇಳಿ, ಕಾಗದ ಹಾರದಂತೆ ಇಡುವ ಪುಟ್ಟ ಅಷ್ಟಪದಿಯ ಗೊಂಬೆಗಳನ್ನು ಮಾಡಿ ಮಾರತೊಡಗಿದರು. 2011ರ ಮಾರ್ಚ್ 11ರಂದು ಸುನಾಮಿಯ ಅಲೆ ಪಟ್ಟಣದ ಬಹುಭಾಗವನ್ನು ಕೊಚ್ಚಿಕೊಂಡು ಹೋಯಿತು. ಉಳಿದವರಿಗೆ ಮನೆಯಿಲ್ಲ, ದೋಣಿಯಿಲ್ಲ, ಕೆಲಸವಿಲ್ಲ. ಆ ವರ್ಷವೇ ಮುಚ್ಚಿಹೋಗಿದ್ದ ಶಾಲೆಯ ಕಟ್ಟಡದಲ್ಲಿ ಕಾರ್ಯಾಗಾರವೊಂದನ್ನು ತೆರೆದು ಕೆಲವರು ಮತ್ತೆ ಗೊಂಬೆ ಮಾಡಲು ಕುಳಿತರು. ದೂರದ ಊರುಗಳಲ್ಲಿ ಪರೀಕ್ಷೆಗೆ ಓದುತ್ತಿರುವ ಮಕ್ಕಳ ಮೇಜುಗಳಿಗೆ ಅವು ಈಗಲೂ ಹೋಗುತ್ತವೆ.